ಆದಾಯ ನೋಡಲು ಬಂದವರಿಗೆ ಮಾದಲಿ

ನನ್ನ ಡೈರಿಯಲ್ಲಿ ಆ ದಿನದ ಬಗ್ಗೆ ಇರುವುದು ಸ್ವಲ್ಪವೇ. ತಲಾಟಿ ಬಾಯಾರು ಮನೆಗೆ ಬಂದಿದ್ದರು. ಅವ್ವ ‘ಏನೂ ಕಡಿಮಿ ಇಲ್ರಿ’ ಅಂದಳು. ಅಷ್ಟೇ. ಉಳಿದದ್ದನ್ನೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ, ಮತ್ತು ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಈ ಪ್ರಸಂಗವನ್ನು ನಮ್ಮ ಮನೆಯಲ್ಲಿ ಹಬ್ಬಕ್ಕೊಮ್ಮೆಯಾದರೂ ಯಾರಾದರೂ ಹೇಳುತ್ತಾರೆ, ಹೇಳಿದಾಗಲೆಲ್ಲ ಅದಕ್ಕೆ ಇನ್ನಷ್ಟು ಒಗ್ಗರಣೆ ಬೀಳುತ್ತದೆ. ಹೀಗಾಗಿ ನಾನೇ ಕಣ್ಣಾರೆ ಕಂಡದ್ದು ಯಾವುದು, ಆಯಿಯ ಬಾಯಲ್ಲಿ ಕೇಳಿ ಕೇಳಿ ಕಂಡಂತಾದದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ನಮ್ಮದು ಮೂಡಲಗಿ ಕಡೆಯ ಒಂದು ಸಣ್ಣ ಊರು. ಅವ್ವ ಕಬ್ಬಿನ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದಳು. ಅಪ್ಪ ಘಟಪ್ರಭಾದ ಅಂಗಡಿಗಳಲ್ಲಿ ಹಮಾಲಿ ಮಾಡಿಕೊಂಡು ಅಲ್ಲೇ ಇರುತ್ತಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಮತ್ತೆ ನಾನು, ನನ್ನ ತಂಗಿ. ಪಿಯುಸಿ ಮುಗಿಸಿದ ನನಗೆ ಗೋಕಾಕದ ಡಿಗ್ರಿ ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿತ್ತು. ಪ್ರಾಕ್ಟಿಕಲ್ ಮುಗಿಯುವ ಹೊತ್ತಿಗೆ ನಮ್ಮೂರಿನ ಕೊನೆಯ ಬಸ್ಸು ಹೊರಟುಹೋಗಿರುತ್ತಿತ್ತು. ಆದ್ದರಿಂದ ಗೋಕಾಕದ ಸರ್ಕಾರಿ ಹಾಸ್ಟೆಲ್ಲಿನಲ್ಲಿ ಜಾಗ ಬೇಕಿತ್ತು, ಕಾಲೇಜಿನ ಫೀ ಸರ್ಕಾರದಿಂದ ತುಂಬಿಬರಬೇಕಿತ್ತು, ಪುಸ್ತಕ ಬಟ್ಟೆಗೆ ಸ್ಕಾಲರ್‌ಶಿಪ್ ಬೇಕಿತ್ತು. ಇವೆಲ್ಲಕ್ಕೂ ಮೊದಲು ತಹಶೀಲ್ದಾರ ಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೊಡಬೇಕು. ನಮ್ಮ ಕಡೆ ಅದನ್ನು ಎಲ್ಲರೂ ‘ಕಾಸ್ಟ್-ಇನ್ಕಮ್’ ಅನ್ನುತ್ತಾರೆ. ನನ್ನ ಹಳೆಯದರ ಅವಧಿ ಮುಗಿದಿತ್ತು. ಹೊಸದು ಬರದಿದ್ದರೆ ನಾನೂ ಅವ್ವನ ಹಿಂದೆ ಹೊಲಕ್ಕೆ ಇಳಿಯಬೇಕು. ಮನೆಯಲ್ಲಿ ಎಲ್ಲರಿಗೂ ಇದು ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಅರ್ಜಿ ಹಾಕಿದ ಮೇಲೆ ಮನೆತನದ ಆದಾಯ ಎಷ್ಟೆಂದು ವರದಿ ಬರೆಯುವವರು ಊರಿನ ತಲಾಟಿ. ಸರ್ಕಾರಿ ಕಾಗದದಲ್ಲಿ ಆ ಹುದ್ದೆಗೆ ಈಗ ಬೇರೆ ಹೆಸರಿದೆ, ಊರಲ್ಲಿ ಇನ್ನೂ ತಲಾಟಿಯೇ. ಹಿಂದೆ ಇದ್ದವರು ನಮ್ಮ ಓಣಿಯೊಳಗೆ ಕಾಲಿಟ್ಟದ್ದನ್ನು ನಾನು ನೋಡಿರಲಿಲ್ಲ. ಓಣಿ ಶುರುವಾಗುವಲ್ಲಿ ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ ಬೇಕಾದವರನ್ನು ಅಲ್ಲಿಗೇ ಕರೆಸುತ್ತಿದ್ದರು. ನೀರು ಕೊಡಲು ಹೋದರೆ ಈಗ ತಾನೇ ಕುಡಿದೆ ಅನ್ನುತ್ತಿದ್ದರು. ಯಾಕೆಂದು ನಮ್ಮವರು ಯಾರೂ ಕೇಳುತ್ತಿರಲಿಲ್ಲ, ಕೇಳದೆಯೇ ಗೊತ್ತಿತ್ತು. ಆ ವರ್ಷ ವರ್ಗವಾಗಿ ಬಂದವರು ಒಬ್ಬ ಹೆಣ್ಣುಮಗಳು, ಹಾಗಾಗಿ ಎಲ್ಲರ ಬಾಯಲ್ಲಿ ‘ಬಾಯಾರು’. ಉಳ್ಳವರೂ ಇಲ್ಲದವರೆಂದು ಬರೆಸಿಕೊಳ್ಳುತ್ತಾರೆ ಎಂದು ಎಲ್ಲಿಂದಲೋ ದೂರು ಹೋಗಿತ್ತಂತೆ. ಅದಕ್ಕೇ ಈ ಬಾಯಾರು ಮನೆ ಮನೆಗೆ ಬಂದು ಕಣ್ಣಾರೆ ನೋಡಿ ಬರೆಯುತ್ತಾರೆ ಎಂಬ ಸುದ್ದಿ ಬಂತು. ಅದರ ಹಿಂದೆಯೇ ಇನ್ನೊಂದು ಸುದ್ದಿ. ನಮ್ಮವರದೇ ಇನ್ನೊಂದು ಓಣಿಯಲ್ಲಿ ಅವರು ಮನೆಯೊಳಗೆ ಬಂದು ಕೂತು ಚಹಾ ಕುಡಿದರಂತೆ.

ಮೊದಲ ಸುದ್ದಿ ನನ್ನ ತಲೆಯಲ್ಲಿ ಕೂತಿತು. ಎರಡನೆಯದು ಅವ್ವನ ತಲೆಯಲ್ಲಿ.

ಅವರು ಬರುವ ಹಿಂದಿನ ದಿನ ಅವ್ವ ಕೂಲಿಗೆ ಹೋಗಲಿಲ್ಲ. ಗೋಡೆಗೆ ಸುಣ್ಣ ಬಳಿದಳು. ಬುದ್ಧನ ಫೋಟೋದ ಗಾಜು ಒರೆಸಿದಳು. ಹರಿದ ಕೌದಿಗಳನ್ನು ಮಡಚಿ ಆಯಿಯ ಟ್ರಂಕಿನ ಹಿಂದೆ ತುರುಕಿದಳು. ಪಕ್ಕದ ಮನೆಯ ಕಾಕಿಗೆ ಹೇಳಿ ಎರಡು ಪ್ಲಾಸ್ಟಿಕ್ ಖುರ್ಚಿ, ಹೂವಿನ ಚಿತ್ರದ ಕಪ್-ಬಸಿ, ಒಂದು ಸಣ್ಣ ಬಟ್ಟಲು ತುಪ್ಪ ಗೊತ್ತುಮಾಡಿದಳು. ಆಮೇಲೆ ಗೋದಿ ಹುರಿದು, ಬೀಸಿಸಿಕೊಂಡು ಬಂದು, ಬೆಲ್ಲ ಬೆರೆಸಿ ಮಾದಲಿ ಮಾಡಿದಳು. ಮಾದಲಿ ನಮ್ಮಲ್ಲಿ ಬೀಗರು ಬಂದಾಗ ಮಾಡುವ ಸಿಹಿ.

“ಯವ್ವಾ, ಅವರು ನಮ್ಮ ಬಡತನ ನೋಡಾಕ ಬರಾಕತ್ತಾರ,” ಎಂದೆ. “ನೀ ನೋಡಿದ್ರ ಬೀಗರು ಬರಾಕತ್ತಂಗ ಮಾಡಾಕತ್ತಿ.”

“ಮನಿಗೆ ಬಂದ ಮ್ಯಾಲ ಬೀಗರ. ಮತ್ತ್ಯಾರು?”

“ಕಾಸ್ಟ್-ಇನ್ಕಮ್ ಕೊಡಲಿಲ್ಲಂದ್ರ?”

“ಬಡವರಂತ ತೋರಸಾಕ ಮನಿ ಹೊಲಸ ಇಡಬೇಕೇನ?”

ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದ ಆಯಿ ನಕ್ಕಳು. ಅವ್ವನ ತವರು ಹುಕ್ಕೇರಿ ಕಡೆ, ಆಯಿಗೆ ಅದೊಂದು ಸದಾ ಸಿಗುವ ವಿಷಯ. “ಬಿಡಬೇ, ಹುಕ್ಕೇರಿಯವರಾಕಿ ಅಕಿ. ಅವರೂರಾಗ ಒಲ್ಯಾಗ ಬೆಂಕಿ ಇಲ್ಲಂದ್ರೂ ನಡೀತೈತಿ, ಬಾಗಲದಾಗ ರಂಗೋಲಿ ಇರಬೇಕು.”

“ಹುಕ್ಕೇರಿಯಾಕಿ ಬಂದ ಮ್ಯಾಲೇ ಈ ಮನ್ಯಾಗ ರಂಗೋಲಿ ಅಂದ್ರ ಏನಂತ ಗೊತ್ತಾತ್ರಿ ಅತ್ತಿ,” ಅವ್ವ ಸುಣ್ಣದ ಕೈ ಒರೆಸಿಕೊಳ್ಳುತ್ತ ಹೇಳಿದಳು.

ನಾನು ಇಷ್ಟು ಸಮಾಧಾನದಿಂದ ಮಾತಾಡಿದೆನೇ? ತಂಗಿ ಹೇಳುವಂತೆ ನಾನು ಅತ್ತಿದ್ದೆ, ಅನ್ನ ಬಿಟ್ಟಿದ್ದೆ. ಇರಬಹುದು. ನನಗೆ ನೆನಪಿರುವುದು ಒದ್ದೆ ಸುಣ್ಣದ ವಾಸನೆ, ಮತ್ತೆ ಈ ಗೋಡೆ ಇಷ್ಟು ಬೆಳ್ಳಗಾಗಬಾರದಿತ್ತು ಎಂಬ ಭಯ.

ಖುರ್ಚಿಯ ವಿಷಯ ಸ್ವಲ್ಪ ವಿವರಿಸಬೇಕು. ಓಣಿಯಲ್ಲಿ ಒಪ್ಪವಾದ ಖುರ್ಚಿ ಇದ್ದದ್ದು ಕಾಕಿಯ ಮನೆಯಲ್ಲಿ ಮಾತ್ರ. ಆ ದಿನ ಓಣಿಯ ಮೂರು ಮನೆಗಳಿಗೆ ತಲಾಟಿ ಬಾಯಾರು ಬರುವವರಿದ್ದರು. ಮೂರೂ ಮನೆಯವರು ಕಾಕಿಗೇ ಹೇಳಿದ್ದರು, ನಮ್ಮದು ಕೊನೆಯ ಮನೆ. ಬಾಯಾರು ಒಂದು ಮನೆಯಿಂದ ಎದ್ದು ಹೊಸ್ತಿಲು ದಾಟಿದ ಕೂಡಲೇ ಕಾಕಿ ಮತ್ತು ನನ್ನ ತಂಗಿ ಖುರ್ಚಿ ಹೊತ್ತು ಹಿತ್ತಲ ದಾರಿಯಿಂದ ಮುಂದಿನ ಮನೆಗೆ ಓಡುತ್ತಿದ್ದರು. ಅವರಿಬ್ಬರು ನಮ್ಮ ಮನೆಗೆ ಬಂದಾಗ ಏದುಸಿರು ಬಿಡುತ್ತಿದ್ದರು. ಒಂದು ಖುರ್ಚಿಯ ತೋಳು ಒಡೆದಿತ್ತು, ಅದನ್ನು ಹಸಿರು ನೈಲಾನ್ ದಾರದಿಂದ ಬಿಗಿದಿದ್ದರು.

ಬಾಯಾರು ಬಂದರು. ಚಿಕ್ಕ ವಯಸ್ಸು, ಮುಖದ ತುಂಬ ಬೆವರು, ಹೆಗಲಲ್ಲಿ ಕಾಗದದ ಚೀಲ. ಅವ್ವ ಕಾಲಿಗೆ ನೀರು ಕೊಟ್ಟಳು. ಅವರು ಕಾಲು ತೊಳೆದುಕೊಂಡು ಒಳಗೆ ಬಂದರು, ಕೂತರು, ಕೈ ಸುಮ್ಮನೆ ಖುರ್ಚಿಯ ತೋಳಿನ ಮೇಲೆ ಹೋಯಿತು. ಹಸಿರು ದಾರವನ್ನು ಬೆರಳಲ್ಲಿ ಮುಟ್ಟಿ ನೋಡಿ, ಬಾಗಿಲಲ್ಲಿ ನಿಂತ ಕಾಕಿಯ ಕಡೆ ತಿರುಗಿದರು.

“ಅಲ್ರಿ ಕಾಕು, ನಾ ಗಾಡಿ ಮ್ಯಾಲ ಬಂದೇನಿ. ಈ ಖುರ್ಚಿ ನನಗಿಂತ ಮೊದ್ಲ ಹೆಂಗ ಬಂತ್ರಿ?”

ಕಾಕಿ ಅವ್ವನ ಕಡೆ ನೋಡಿದಳು. ಆಯಿಯೇ ಹೇಳಿದಳು: “ಅದಕ್ಕ ನಾಕ ಕಾಲ ಅದಾವ್ರಿ ಬಾಯಾರ. ನಿಮ್ಮ ಗಾಡಿಗಿ ಎರಡ ಗಾಲಿ.”

ಬಾಯಾರು ಬಾಯಿಗೆ ಸೆರಗು ಹಿಡಿದು ನಕ್ಕರು. ಕಾಕಿ ನಕ್ಕಳು. ಅವ್ವ ನಗಲಿಲ್ಲ. ಈ ಮಾತು ಅಂದೇ, ಅದೇ ಕ್ಷಣ ಆಡಿದ್ದೋ ಅಥವಾ ಆಯಿ ಆಮೇಲೆ ಯೋಚಿಸಿ ಸೇರಿಸಿದ್ದೋ ಎಂದು ನನಗೆ ಅನುಮಾನವಿದೆ. ಆದರೆ ಅವ್ವ ನಗದಿದ್ದದ್ದು ಖರೆ.

ಮಾದಲಿಯ ಬಟ್ಟಲು ಕೈಗೆ ಕೊಟ್ಟು, ಮೇಲೆ ತುಪ್ಪ ಹಾಕಿ, ಬಿಸಿ ಹಾಲು ಸುರಿದಳು ಅವ್ವ. ಬಾಯಾರು ಬಟ್ಟಲನ್ನು ಪಕ್ಕಕ್ಕಿಟ್ಟುಕೊಂಡು ಕೇಳತೊಡಗಿದರು. ಹೊಲ ಐತೇನು? ಇಲ್ರಿ. ಯಜಮಾನ್ರು ಏನ ಮಾಡ್ತಾರ? ಘಟಪ್ರಭಾದಾಗ ಇರ್ತಾರ್ರಿ. ಹಮಾಲಿ ಎಂಬ ಮಾತನ್ನು ಅವ್ವ ನುಂಗಿಕೊಂಡಳು.

“ಒಟ್ಟ ದುಡಿಮಿ ಹೆಂಗ ಐತ್ರಿ ಅಕ್ಕಾರ?”

“ಛಲೋ ಐತ್ರಿ. ಏನೂ ಕಡಿಮಿ ಇಲ್ರಿ, ನಿಮ್ಮಂಥವರ ಆಶೀರ್ವಾದ.”

ನಮ್ಮಲ್ಲಿ ಮನೆಗೆ ಬಂದವರು ಹೇಗಿದ್ದೀರಿ ಎಂದರೆ ಎಲ್ಲರೂ ಹೇಳುವ ಮಾತು ಇದು. ಹಿಂದಿನ ದಿನ ಹಿಟ್ಟು ಸಾಲ ತಂದವರೂ ಹೀಗೇ ಹೇಳುತ್ತಾರೆ. ಬಂದವರ ಮುಂದೆ ಇಲ್ಲ ಅನ್ನುವುದೆಂದರೆ ಅವರನ್ನು ಎಬ್ಬಿಸಿ ಕಳಿಸಿದಂತೆ. ಆದರೆ ಇಲ್ಲಿ ಬಂದವರ ಕೈಯಲ್ಲಿ ಪೆನ್ನು ಇತ್ತು. ಪೆನ್ನು ನಿಂತಿತು. ನಾನು ಬಾಯಿ ತೆರೆದೆ. ಬಾಯಾರು ನನ್ನನ್ನು ತಡೆದರು: “ನೀ ಸುಮ್ನಿರು ತಂಗಿ. ಅವರ ಮನಿ, ಅವರ ಹೇಳಲಿ.” ಆಮೇಲೆ ಅವ್ವನಿಗೆ ಮೆಲ್ಲಗೆ ಹೇಳಿದರು: “ಅಕ್ಕಾರ, ಏನೂ ಕಡಿಮಿ ಇಲ್ಲಂತ ನಾ ಬರದ್ರ ನಿಮ್ಮ ಮಗಳಿಗಿ ಏನೂ ಸಿಗೂದಿಲ್ರಿ. ಹಾಸ್ಟೆಲ್ಲೂ ಇಲ್ಲ, ಸ್ಕಾಲರ್‌ಶಿಪ್ಪೂ ಇಲ್ಲ.”

ಅವ್ವ ನೆಲ ನೋಡಿದಳು. ಆಮೇಲೆ, “ಹಾಲ ಆರಾಕತ್ತಾವು, ತಿನ್ರಿ ಬಾಯಾರ,” ಅಂದಳು.

ಬಾಯಾರು ತಿಂದರು. ಅವಸರ ಮಾಡಲಿಲ್ಲ, ಬಟ್ಟಲಲ್ಲಿ ಏನೂ ಉಳಿಸಲಿಲ್ಲ. ಇನ್ನೊಂದು ಚಮಚೆ ಹಾಕಿಸಿಕೊಂಡರು. ಬೆಲ್ಲ ಎಲ್ಲಿಯದೆಂದು ಕೇಳಿದರು. ಅವರು ತಿನ್ನುವಷ್ಟು ಹೊತ್ತೂ ಅವ್ವ ಎದುರಿಗೆ ನಿಂತು ನೋಡಿದಳು, ಮತ್ತು ನಾನು ಅವ್ವನ ಮುಖ ನೋಡಿದೆ. ನನ್ನ ಓದು ಕೈತಪ್ಪಿ ಹೋಗುತ್ತಿದ್ದ ಆ ಹೊತ್ತಿನಲ್ಲಿ ಅವಳ ಮುಖದಲ್ಲಿ ಒಂದು ಬೆಳಕಿತ್ತು ಎಂದು ಬರೆಯಲು ಕೈ ಹಿಂಜರಿಯುತ್ತದೆ. ಆದರೆ ಇತ್ತು. ಸರ್ಕಾರಿ ನೌಕರಿಯ ಒಬ್ಬ ಹೆಣ್ಣುಮಗಳು ನಮ್ಮ ಮನೆಯಲ್ಲಿ, ಅವ್ವ ಮಾಡಿದ್ದನ್ನು, ಎರಡನೇ ಸಲ ಹಾಕಿಸಿಕೊಂಡು ತಿನ್ನುತ್ತಿದ್ದಳು.

ಅವರು ಕೈ ತೊಳೆದು, ಕಾಗದವನ್ನು ಹಾಗೇ ಖಾಲಿ ಬಿಟ್ಟು ಚೀಲಕ್ಕೆ ಹಾಕಿ ಎದ್ದರು. ಹೊಸ್ತಿಲ ಹತ್ತಿರ ನಡೆದ ಮಾತಿನ ಬಗ್ಗೆ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ನಾಳೆ ನೀವು ಕೆಲಸ ಮಾಡುವಲ್ಲಿಗೇ ಬರುತ್ತೇನೆ ಎಂದು ಬಾಯಾರು ಹೇಳಿದರು ಅನ್ನುತ್ತಾಳೆ ತಂಗಿ. ಅವ್ವನೇ ಕರೆದಳು ಅನ್ನುತ್ತಾಳೆ ಆಯಿ. “ಬಾಯಿಲೆ ಹೇಳಾಕ ಬರೂದಿಲ್ರಿ ನನಗ. ನಾಳಿ ಹೊಲಕ್ಕ ಬರ್ರಿ, ನೋಡ್ರಿ” ಎಂದು ಅವ್ವ ಹೇಳಿದ್ದು ನನ್ನ ಕಿವಿಯಲ್ಲೂ ಇದೆ. ಅವ್ವನೇ ಕರೆದಿರಬೇಕು ಎಂದು ನನಗೆ ಆಸೆ. ಅದಕ್ಕೇ ಅದನ್ನು ನಂಬಲು ಹೆದರುತ್ತೇನೆ. ಅವ್ವನನ್ನೇ ಕೇಳಿದರೆ, “ಯಾರರ ಅಂದಿರ್ತಾರ ಬಿಡು” ಅನ್ನುತ್ತಾಳೆ.

ಮರುದಿನ ಬೆಳಗ್ಗೆ ನಾನು ಬಾಯಾರ ಸ್ಕೂಟಿಯ ಹಿಂದೆ ಕೂತು ಹೊಲದ ದಾರಿ ತೋರಿಸಿದೆ. ಹಿಡಕಲ್ ಅಣೆಕಟ್ಟಿನ ನೀರು ಬರುವ ಕಾಲುವೆಯ ಬಾಜೂ, ಎಳೆ ಕಬ್ಬಿನಲ್ಲಿ ಕಳೆ ತೆಗೆಯುವ ಕೆಲಸ ನಡೆದಿತ್ತು. ಹೆಂಗಸರು ಸಾಲಾಗಿ ಕುಕ್ಕರುಗಾಲಲ್ಲಿ ಮುಂದೆ ಸರಿಯುತ್ತಿದ್ದರು. ಕಬ್ಬಿನ ಗರಿ ಕೈ ಕೊಯ್ಯುತ್ತದೆಂದು ಎಲ್ಲರೂ ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ಹಾಕಿದ್ದರು. ಅಪ್ಪನ ನೀಲಿ ಚೌಕಳಿ ಅಂಗಿಯಿಂದ ಅವ್ವನನ್ನು ಗುರುತು ಹಿಡಿದೆ. ಹಿಂದಿನ ದಿನದ ಜರಿಯಂಚಿನ ಸೀರೆ ಉಟ್ಟವಳು ಇವಳೇ ಎಂದು ಬಾಯಾರಿಗೆ ನಾನು ಬೆರಳು ಮಾಡಿ ತೋರಿಸಬೇಕಾಯಿತು.

“ಏ, ನಿನ್ನ ಬೀಗ್ತಿ ಬಂದಾಳ ನೋಡ!” ಯಾರೋ ಅವ್ವನಿಗೆ ಕೂಗಿದರು. “ನಿನ್ನೆ ಮಾದಲಿ ಸಾಲಲಿಲ್ಲಂತ, ಮತ್ತ ಬಂದಾಳ!”

ಅವ್ವ ಏಳಲಿಲ್ಲ. ಕೈಯಲ್ಲಿನ ಖುರಪಿ ನಿಲ್ಲಲಿಲ್ಲ. ಬಾಯಾರೇ ಚಪ್ಪಲಿ ಬದುವಿನ ಮೇಲೆ ಬಿಟ್ಟು ಕೆಸರಿಗಿಳಿದು ಅವಳ ಸಾಲಿಗೆ ಹೋದರು. ಅವ್ವ ಮುಂದೆ ಸರಿದಂತೆ ಅವರೂ ಪಕ್ಕದಲ್ಲಿ ಸರಿದರು. ಆಮೇಲೆ ದಿನದ ಕೂಲಿ ಎಷ್ಟೆಂದು ಕೇಳಿದರು.

ಪಕ್ಕದ ಸಾಲಿನಾಕೆ ತಟ್ಟನೆ ಹೇಳಿದಳು: “ಅಕೀನ ಕೇಳಬ್ಯಾಡ್ರಿ ಬಾಯಾರ, ಅಕಿ ಹೆಚ್ಚ ಹೇಳ್ತಾಳ!”

“ಅಕಿ ಹೇಳಿದಷ್ಟ ಪಗಾರ ಮಾಲಕ ಕೊಟ್ಟಿದ್ರ ನಾವೂ ನಿಮ್ಮಂಗ ಗಾಡಿ ಮ್ಯಾಲ ಬರ್ತಿದ್ದಿವ್ರಿ,” ಎಂದಳು ಇನ್ನೊಬ್ಬಳು. ಇಡೀ ಸಾಲು ನಕ್ಕಿತು. ಈ ಸಲ ಅವ್ವನೂ ನಕ್ಕಳು. ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತಳು, ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡಳು, ಮತ್ತು ಹೇಳಿದಳು.

ಎಲ್ಲವನ್ನೂ ಹೇಳಿದಳು. ಕೂಲಿ ಎಷ್ಟು, ಯಾವ ತಿಂಗಳು ಕೆಲಸ ಇರುತ್ತದೆ, ಮಳೆ ಹಿಡಿದರೆ ಎಷ್ಟು ದಿನ ಇರುವುದಿಲ್ಲ. ಗಂಡ ಹಮಾಲಿ, ಬೆನ್ನುನೋವು ಬಂದ ವಾರ ಬರಿಗೈಯಲ್ಲಿ ಬರುತ್ತಾನೆ. ಖುರ್ಚಿ ನಮ್ಮವಲ್ಲ. ಕಪ್-ಬಸಿ ನಮ್ಮವಲ್ಲ. ಧ್ವನಿಯಲ್ಲಿ ಅಳುವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಅಂಗಡಿಯಲ್ಲಿ ಸಾಮಾನು ಹೇಳುವ ಹಾಗೆ ಒಂದೊಂದೇ ಹೇಳಿದಳು. ನಮ್ಮ ಸಂಸಾರದ ಅಷ್ಟೂ ವಿಷಯ ಒಟ್ಟಿಗೆ ನಾನು ಕೇಳಿದ್ದು ಅದೇ ಮೊದಲು.

ಬಾಯಾರು ಬರೆದುಕೊಂಡರು. ಬರೆದು ಮುಗಿಸಿ ಕೇಳಿದರು: “ಇದನ್ನೆಲ್ಲ ನಿನ್ನೇನ ಹೇಳಬೇಕಿಲ್ಲೇನ್ರಿ ಅಕ್ಕಾರ? ಮಗಳ ಮುಖ ಬಾಡಿಹೋಗಿತ್ತು.”

“ನಿನ್ನೆ ನೀವು ನಮ್ಮ ಮನಿಗೆ ಬಂದಿದ್ರಿ,” ಎಂದಳು ಅವ್ವ. “ಇವತ್ತ ಕೆಲಸಕ್ಕ ಬಂದೀರಿ.”

ಈ ಮಾತಿನ ಬಗ್ಗೆ ಮಾತ್ರ ನನಗೆ ಯಾರ ಸಾಕ್ಷಿಯೂ ಬೇಕಿಲ್ಲ. ಬಾಯಾರು ತಲೆಯಾಡಿಸಿದ್ದು, ಪಕ್ಕದ ಸಾಲಿನ ಹೆಂಗಸರಿಂದ ಸಾಕ್ಷಿ ಸಹಿ ಹಾಕಿಸಿಕೊಂಡದ್ದು, ಕೆಸರುಗಾಲಲ್ಲೇ ಚಪ್ಪಲಿ ಮೆಟ್ಟಿ ಹೊರಟದ್ದು, ಎಲ್ಲ ಸರಿಯಾಗಿ ಕಾಣುತ್ತದೆ. ಆ ವಯಸ್ಸಿನಲ್ಲಿ ನನಗೆ ಬಡತನವೆಂದರೆ ಮುಚ್ಚಿಡಬೇಕಾದದ್ದು, ಇಲ್ಲವೇ ತೆರೆದು ತೋರಿಸಿ ಏನಾದರೂ ಪಡೆಯಬೇಕಾದದ್ದು, ಇವೆರಡೇ. ಅವ್ವ ಮೂರನೆಯದೊಂದನ್ನು ಮಾಡಿದ್ದಳು. ಅದಕ್ಕೆ ಏನು ಹೆಸರು ಕೊಡಬೇಕೆಂದು ಇಷ್ಟು ಓದಿದ ಮೇಲೂ ನನಗೆ ತಿಳಿದಿಲ್ಲ.

ಪ್ರಮಾಣಪತ್ರ ಬಂತು. ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಬಂತು. ಸ್ಕಾಲರ್‌ಶಿಪ್ ತಡವಾಗಿ ಬಂತು, ಕೆಲವು ಸಲ ಬಹಳ ತಡವಾಗಿ. ಅದಕ್ಕಾಗಿ ಬ್ಯಾಂಕಿಗೆ ಅಲೆದದ್ದೂ ಇದೆ, ಸಿಟ್ಟಿಗೆದ್ದದ್ದೂ ಇದೆ. ಆದರೆ ಬಂತು. ಈಗ ನಾನು ಹುಕ್ಕೇರಿಯಲ್ಲಿ ಪಾಠ ಮಾಡುತ್ತೇನೆ. ಜೂನ್ ಜುಲೈ ಬಂದರೆ ಹುಡುಗಿಯರು ಮೊಬೈಲ್ ಹಿಡಿದು ಅರ್ಜಿ ತುಂಬಿಸಿಕೊಳ್ಳಲು ಸ್ಟಾಫ್ ರೂಮಿನ ಬಾಗಿಲಿಗೆ ಬರುತ್ತಾರೆ. ಇದನ್ನು ಸರ್ಕಾರದ ದಾನ ಎಂದು ಯಾರಾದರೂ ಸಹೋದ್ಯೋಗಿ ಅಂದಾಗ ನನಗೆ ವಾದಿಸಲು ಅಂಕಿಸಂಖ್ಯೆ ಹೊಳೆಯುವುದಿಲ್ಲ. ಕೆಸರಿನಲ್ಲಿ ಅವ್ವನ ಪಕ್ಕ ಸರಿಯುತ್ತಿದ್ದ ಆ ಹೆಣ್ಣುಮಗಳು ಕಣ್ಣಿಗೆ ಬರುತ್ತಾಳೆ. ಒಬ್ಬರು ಇನ್ನೊಬ್ಬರ ದುಡಿಮೆಯನ್ನು ಹತ್ತಿರ ಹೋಗಿ ನೋಡಿ, ಕಂಡದ್ದನ್ನು ಕಂಡ ಹಾಗೆ ಬರೆದದ್ದು ದಾನ ಹೇಗಾಗುತ್ತದೆ?

ನನ್ನನ್ನು ಗೋಕಾಕಕ್ಕೆ ಬಿಡಲು ಅವ್ವನೇ ಬಂದಳು. ಹಾಸ್ಟೆಲ್ಲಿನಲ್ಲಿ ಸುಮ್ಮನೆ ನಿಲ್ಲಲಿಲ್ಲ. ನಲ್ಲಿ ತಿರುಗಿಸಿ ನೋಡಿದಳು, ಗಾದಿ ಒತ್ತಿ ನೋಡಿದಳು, ಅಡಿಗೆಮನೆಗೆ ಹೋಗಿ ಬೇಳೆಯ ಪಾತ್ರೆಯ ಮುಚ್ಚಳ ತೆಗೆದು ಮೂಗು ಹತ್ತಿರ ಒಯ್ದಳು. ಹಿಂದೆ ಹಿಂದೆ ಬರುತ್ತಿದ್ದ ವಾರ್ಡನ್ ಮೇಡಂ ನಗುತ್ತ ಕೇಳಿದರು, “ಎಲ್ಲಾ ಬರಾಬರಿ ಐತೇನ್ರಿ ಅವ್ವಾರ?”

“ಐತ್ರಿ. ಇಷ್ಟೆಲ್ಲ ಯಾರು ಕೊಡ್ತಾರ್ರಿ?”

“ಸರ್ಕಾರ್ರಿ.”

“ಸರ್ಕಾರಾ?” ಎಂದಳು ಅವ್ವ. “ಹಂಗಾರ ಗುರ್ತ ಐತಿ ಬಿಡ್ರಿ. ನಮ್ಮ ಮನ್ಯಾಗ ಉಂಡ ಹೋಗೈತಿ.”

ವಾರ್ಡನ್ನಿಗೆ ಅರ್ಥವಾಗಲಿಲ್ಲ. ಅವ್ವ ಬಿಡಿಸಿ ಹೇಳಲೂ ಇಲ್ಲ. ಮರುದಿನ ಕೆಲಸವಿತ್ತು, ಬಸ್ಸು ಹಿಡಿಯಬೇಕಿತ್ತು. ಗೇಟಿನ ತನಕ ಹೋದೆ. ಅವಳು ತಿರುಗಿ ನೋಡಿದಳೋ ಇಲ್ಲವೋ ನೆನಪಿಲ್ಲ.

ಆ ಸಂಜೆ ಊಟಕ್ಕೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ಗುರುತಿಲ್ಲದ ಹುಡುಗಿಯರ ಸಾಲಿನಲ್ಲಿ ತಾಟು ಹಿಡಿದು ಕೂತಿದ್ದೆ. ಬಡಿಸುವ ಅಕ್ಕ ಎರಡನೇ ಸಲ ಬಂದು ನನ್ನೆದುರು ನಿಂತು, “ರೊಟ್ಟಿ ಬೇಕೇನ?” ಎಂದು ಕೇಳಿದಳು. ಹೊಟ್ಟೆ ತುಂಬಿರಲಿಲ್ಲ. ಸಾಕ್ರಿ ಎಂಬ ಮಾತು ತಾನಾಗಿಯೇ ತುಟಿಯ ತನಕ ಬಂತು.

“ಬೇಕ್ರಿ,” ಎಂದೆ.